ಮೂವತ್ತೊಂದು ಅಂಗುಲದ ಆಕಾಶಯಾನ

ನಮ್ಮ ಸೀಮೆಯ ಮುದನಾಳವೆಂಬ ಹಳ್ಳಿಯವರ ಪರದೇಶಯಾತ್ರೆಯು ಯಾದಗಿರಿಯ ಗಂಜಿನಲ್ಲಿಯೇ ಮೊದಲಾಗುತ್ತದೆಯೆಂದು ಹೇಳಬಹುದು. ಹತ್ತಿ, ತೊಗರಿ, ಶೇಂಗಾಗಳ ಚೀಲಗಳನ್ನು ತೂಗುವ ಅಡತಿ ಅಂಗಡಿಯ ತಕ್ಕಡಿಯ ಮೇಲೆ ಕಟ್ಟಿ ಮುಗಿಸಿದ ಸೂಟ್‌ಕೇಸನ್ನಿಟ್ಟು, ಅದು 23 ಕಿಲೋ ಮೀರಿತೋ ಇಲ್ಲವೋ ಎಂದು ನೋಡಿ, ಮೀರಿದ್ದಲ್ಲಿ ಅಲ್ಲಿಯೇ ಕಟ್ಟೆಯ ಮೇಲೆ ಬಿಚ್ಚಿ, ಯಾವುದನ್ನು ಒಯ್ಯಬೇಕು ಯಾವುದನ್ನು ಬಿಡಬೇಕು ಎಂಬ ವಿಚಾರದಲ್ಲಿ ಮನೆಮಂದಿಯೆಲ್ಲರೂ ತೊಡಗುವ ದೃಶ್ಯವು ನಮ್ಮ ಸೀಮೆಯಲ್ಲಿ ಈಗ ಅಪೂರ್ವವಾದುದಲ್ಲ. ಮಗಳ ಬಾಣಂತನಕ್ಕೆಂದು ಸಮುದ್ರದಾಚೆಯ ಊರಿಗೆ ಹೊರಟ ತಾಯಿಯ ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ, ಅಗಸಿ ಹಿಂಡಿ, ಅಂಟಿನ ಉಂಡಿಯ ಡಬ್ಬಿ, ಇವುಗಳ ಸಂದಿಯಲ್ಲಿ ತುರುಕಿದ ನಾಲ್ಕಾರು ಕೊಬ್ಬರಿ ಗಿಟಕ, ಇಷ್ಟಾದರೂ ಇರದೆ ಹೋಗುವುದಿಲ್ಲ. ವಿಮಾನದ ಸುರಕ್ಷತೆಯ ದೃಷ್ಟಿಯಿಂದ ರೊಟ್ಟಿಗೂ ಉಂಡಿಗೂ ಯಾರ ಆಕ್ಷೇಪವೂ ಇಲ್ಲ, ತಡೆಯಿರುವುದು ಕೊಬ್ಬರಿಗೆ. ಎಣ್ಣೆಯಂಶ ಹೇರಳವಾಗಿರುವ ಒಣಕೊಬ್ಬರಿಯು ಗಾಳಿಯ ಸಂಪರ್ಕದಲ್ಲಿ ಮೆಲ್ಲಮೆಲ್ಲನೆ ಕಾವೇರಿ, ಹೊರಗಿನ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಲ್ಲುದಾದ ಕಾರಣ, ಅಂತರರಾಷ್ಟ್ರೀಯ ಸಾಗಾಣಿಕೆಯ ನಿಯಮಗಳು ಅದನ್ನು ಸ್ವಯಂದಹನಶೀಲ ಪದಾರ್ಥಗಳ ವರ್ಗಕ್ಕೆ ಸೇರಿಸಿವೆ. ಇದನ್ನು ಆ ತಾಯಿಗೆ ಮುಂಚಿತವಾಗಿ ಹೇಳಿದವರಿರುವುದಿಲ್ಲ. ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿ ಗಿಟಕಗಳನ್ನು ತೆಗೆದಿಡುವ ಹೊತ್ತಿನಲ್ಲಿಯೂ ಕಾರಣವನ್ನು ಹೇಳುವವರು ವಿರಳ. ವಿಮಾನದ ಇಕಾನಮಿ ದರ್ಜೆಯಲ್ಲಿ ಪ್ರಯಾಣಮಾಡುವವರ ಕ್ಲೇಶಗಳಲ್ಲಿ ಅರ್ಧವು ಸ್ಥಳದ ಇಕ್ಕಟ್ಟಿನಿಂದ ಒದಗಿದುದಾದರೆ, ಉಳಿದರ್ಧವು ಹೀಗೆ ಕಾರಣವನ್ನರಿಯದೆ ಆಜ್ಞೆಯನ್ನು ಮಾತ್ರ ಪಾಲಿಸಬೇಕಾದುದರಿಂದ ಒದಗಿದುದೆಂದು ನನ್ನ ದೃಢವಾದ ಅಭಿಪ್ರಾಯ. ಆ ಕಾರಣಗಳನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಯಾದಗಿರಿ, ಶಹಾಪುರ, ಸುರಪುರಗಳ ಈ ಸಗರನಾಡಿನಿಂದ ಪರದೇಶಕ್ಕೆ ಹೋಗತಕ್ಕವರಲ್ಲಿ ಮಕ್ಕಳ ಮನೆಗೆ ಹೋಗುವ ವೃದ್ಧ ತಂದೆತಾಯಿಗಳಿದ್ದಾರೆ; ಕೊಲ್ಲಿ ರಾಷ್ಟ್ರಗಳಲ್ಲಿ ಗಾರೆಗೆಲಸಕ್ಕೋ ವಾಹನಚಾಲನೆಗೋ ಹೋಗುವ ತರುಣರಿದ್ದಾರೆ; ಹೈದರಾಬಾದಿನಿಂದ ಹಜ್ ಯಾತ್ರೆಯ ವಿಮಾನವನ್ನೇರುವ ಬಾಂಧವರಿದ್ದಾರೆ; ಓದಿಗೂ ಉದ್ಯೋಗಕ್ಕೂ ಹೋಗುವ ಎಳೆಯರಿದ್ದಾರೆ. ಕಲಬುರಗಿಯಲ್ಲಿ 2019ರ ನವೆಂಬರ್ 22ರಂದು ವಿಮಾನನಿಲ್ದಾಣವು ಆರಂಭವಾಯಿತಾದರೂ ಅಲ್ಲಿಂದ ಹಾರಿದುದು ದೇಶದೊಳಗಿನ ಊರುಗಳಿಗೆ; ಆದುದರಿಂದ ಸುಮಾರು 200 ಕಿಲೋಮೀಟರು ದೂರದ, ಹೈದರಾಬಾದಿನ ಶಂಷಾಬಾದೇ ನಮಗೆ ಹತ್ತಿರದ ಅಂತರರಾಷ್ಟ್ರೀಯ ದ್ವಾರ, ಬೆಂಗಳೂರು ಅದರ ಇಮ್ಮಡಿಗಿಂತಲೂ ದೂರ. ಇವರಲ್ಲಿ ಅನೇಕರಿಗೆ ಜೀವಮಾನದ ಮೊದಲನೆಯ ವಿಮಾನವೇ ಪರದೇಶದ ವಿಮಾನ. ಇವರೆಲ್ಲರೂ, ಬೆರಳೆಣಿಕೆಯ ಕೆಲವರನ್ನು ಬಿಟ್ಟು, ಕುಳಿತುಕೊಳ್ಳುವುದು ಹಿಂಭಾಗದ ಇಕಾನಮಿ ದರ್ಜೆಯಲ್ಲಿ.

ದೂರವೆಂಬುದು ಈ ಸೀಮೆಗೆ ಹಿಂದೆ ಎಂತಹುದಾಗಿತ್ತೆಂಬುದನ್ನು ಸ್ಮರಿಸಿದಲ್ಲದೆ ಈ ಇಕ್ಕಟ್ಟಾದ ಆಸನದ ಬೆಲೆಯು ಮನಸ್ಸಿಗೆ ಬಾರದು. ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ನೇಮಕನಾಗಿ ಬಂದು, ಇಂದಿಗೂ ಟೇಲರ್ ಮಂಜಿಲ್ ಎಂದು ಕರೆಯಿಸಿಕೊಳ್ಳುವ ಮನೆಯನ್ನು ಅಲ್ಲಿ ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರನು, 1824ರಲ್ಲಿ ಹದಿನೈದು ವರ್ಷದ ಹುಡುಗನಾಗಿ ಬೊಂಬಾಯಿಗೆ ಬಂದಿಳಿದುದು ಆಫ್ರಿಕದ ತುದಿಯನ್ನು ಬಳಸಿ ತಿಂಗಳುಗಟ್ಟಲೆ ಸಾಗಿದ ಹಾಯಿಹಡಗಿನಲ್ಲಿ. 1871ರಲ್ಲಿ ಬೊಂಬಾಯಿಯ ಕಡೆಯಿಂದಲೂ ಮದ್ರಾಸಿನ ಕಡೆಯಿಂದಲೂ ಬಂದ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿಕೊಂಡು, ಯಾದಗಿರಿಯು ಆ ಹಾದಿಯ ಒಂದು ನಿಲ್ದಾಣವಾದ ಮೇಲೆ ಬಂದರಿನವರೆಗಿನ ದಾರಿ ಸುಗಮವಾಯಿತು. ಹಜ್ ಯಾತ್ರಿಕರಿಗೆ ಬೊಂಬಾಯಿಯ ಹಡಗೇ ಗತಿಯಾಗಿದ್ದ ಕಾಲವು ಬಹು ದೀರ್ಘವಾದುದು, ಆ ಹಡಗುಗಳು ನಿಂತುದು 1995ರಲ್ಲಿ. ಇನ್ನು ವಿಮಾನದ ಮಾತು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ‘ಮಲಬಾರ್ ಪ್ರಿನ್ಸೆಸ್’ ಬೊಂಬಾಯಿಯಿಂದ ಕೈರೋ, ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ಮೊದಲ ಬಾರಿ ಹಾರಿದಾಗ ನಮ್ಮ ಸೀಮೆಯು ಇನ್ನೂ ನಿಜಾಮನ ಆಳ್ವಿಕೆಯಲ್ಲಿ, ರಜಾಕಾರರ ಹಾವಳಿಗೆ ಸಿಕ್ಕಿ ತತ್ತರಿಸುತ್ತಿತ್ತು. ಪೊಲೀಸ್ ಕಾರ್ಯಾಚರಣೆಗೆ ಇನ್ನೂ ಮೂರು ತಿಂಗಳು ಉಳಿದಿದ್ದವು. ಆ ವಿಮಾನದ ಒಂದು ಕಡೆಯ ದರವು 1,720 ರೂಪಾಯಿಗಳು, ಎಂದರೆ ಅಂದಿನ ಧಾರಣೆಯಲ್ಲಿ ಸುಮಾರು ಹದಿನೈದು ತೊಲೆ ಬಂಗಾರದ ಮೊತ್ತ. ನಿಜಾಮನ ಹಾಲಿ ಸಿಕ್ಕಾ ನಾಣ್ಯವು ಚಲಾವಣೆಯಲ್ಲಿದ್ದ ಹಳ್ಳಿಗಳಲ್ಲಿ ಅಷ್ಟು ಹಣವನ್ನು ಒಟ್ಟಿಗೆ ಕಂಡವರೆಷ್ಟು ಮಂದಿ? ಇಂದು ಹದಿನೈದು ತೊಲೆ ಬಂಗಾರದ ಬೆಲೆಯಲ್ಲಿ ಒಂದು ಕುಟುಂಬವೇ ಲಂಡನ್ನಿಗೆ ಹೋಗಿಬಂದು ಹಣವನ್ನು ಉಳಿಸಿಕೊಳ್ಳಬಹುದು.

ಈ ಅಗಾಧವಾದ ಇಳಿಕೆಯು ತಾನಾಗಿ ಆದುದಲ್ಲ. ಆ ಕಾಲದಲ್ಲಿ ಅಂತರರಾಷ್ಟ್ರೀಯ ದರಗಳನ್ನೂ ಸೌಕರ್ಯಗಳನ್ನೂ ವಿಮಾನ ಸಂಸ್ಥೆಗಳ ಸಂಘವಾದ ಐಯಾಟಾ ಸಭೆ ಸೇರಿ ಗೊತ್ತುಮಾಡುತ್ತಿತ್ತು. ಅಟ್ಲಾಂಟಿಕ್ ಸಾಗರದ ಮೇಲಣ ಹಾರಾಟಗಳಲ್ಲಿ 1952ರಲ್ಲಿ ಟೂರಿಸ್ಟ್ ದರ್ಜೆಯು ಬಂದಿತು. ಅದಕ್ಕಿಂತಲೂ ಅಗ್ಗವಾದ ಇಕಾನಮಿ ದರ್ಜೆಯು 1958ರ ಏಪ್ರಿಲಿನಲ್ಲಿ ಆರಂಭವಾಯಿತು. ಮೇಲಿನ ದರ್ಜೆಯ ಗಿರಾಕಿಗಳು ಕೆಳಗಿಳಿದುಬಿಟ್ಟಾರೆಂಬ ಭಯದಿಂದ ಸಂಘವು ಈ ಹೊಸ ದರ್ಜೆಯಲ್ಲಿ ಬಿಸಿ ಊಟವನ್ನೇ ನಿಷೇಧಿಸಿ, ಸಾಧಾರಣವಾದ ತಣ್ಣನೆಯ ಸ್ಯಾಂಡ್‌ವಿಚ್ ಮಾತ್ರ ಕೊಡತಕ್ಕದ್ದೆಂದು ಕಟ್ಟಳೆ ವಿಧಿಸಿತು. ಸ್ಕ್ಯಾಂಡಿನೇವಿಯದ ಎಸ್‌ಎಎಸ್ ಸಂಸ್ಥೆಯವರಾದರೋ, ತಮ್ಮ ನಾಡಿನ ಪದ್ಧತಿಯಂತೆ ತೆರೆದ ಬ್ರೆಡ್ಡಿನ ಮೇಲೆ ಮೀನು, ಮಾಂಸ, ತರಕಾರಿಗಳನ್ನು ರಾಶಿಯಾಗಿ ಹೇರಿ, ಇದೂ ಸ್ಯಾಂಡ್‌ವಿಚ್ಚೇ ಎಂದು ಬಡಿಸತೊಡಗಿದರು. ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯು ದೂರು ಕೊಟ್ಟಿತು. ವಾದವಿವಾದಗಳು ನಡೆದು ಎಸ್‌ಎಎಸ್‌ಗೆ 20,000 ಡಾಲರುಗಳ ದಂಡ ಬಿದ್ದಿತು. ಪತ್ರಿಕೆಗಳು ಇದನ್ನು ಸ್ಯಾಂಡ್‌ವಿಚ್ ಯುದ್ಧವೆಂದು ಕರೆದವು. ಈ ವೃತ್ತಾಂತವನ್ನು ನಾನು ವಿಸ್ತಾರವಾಗಿ ಹೇಳಿದುದು, ಹಿಂಭಾಗದ ದರ್ಜೆಯ ಕೊರತೆಗಳಲ್ಲಿ ಕೆಲವು ಮಿತವ್ಯಯದಿಂದ ಹುಟ್ಟಿದವಲ್ಲವೆಂಬುದನ್ನು, ಮುಂಭಾಗದ ದರ್ಜೆಯ ಬೆಲೆಯನ್ನು ಕಾಯುವುದಕ್ಕಾಗಿ ಬೇಕೆಂದೇ ನಿರ್ಮಿತವಾದವೆಂಬುದನ್ನು ಅದು ಸ್ಪಷ್ಟವಾಗಿ ತೋರಿಸುವುದರಿಂದ. ಅಂದಿನ ಈ ಬುದ್ಧಿಯು ಇಂದಿಗೂ ಅಳಿದಿಲ್ಲ.

ಆದರೂ ಸ್ಥಳದ ಇಕ್ಕಟ್ಟಿಗೆ ಮೂಲವಾದುದು ಭಾಗಾಕಾರದ ಲೆಕ್ಕವೇ. ವಿಮಾನವು ಒಮ್ಮೆ ಹಾರಿತೆಂದರೆ ಇಂಧನ, ಸಿಬ್ಬಂದಿ, ನಿಲ್ದಾಣದ ಶುಲ್ಕ ಇವುಗಳ ವೆಚ್ಚವು ಹತ್ತಾರು ಜನ ಹೆಚ್ಚು ಕುಳಿತ ಮಾತ್ರಕ್ಕೆ ಬಹಳವಾಗಿ ಏರುವುದಿಲ್ಲ. ಆ ವೆಚ್ಚವನ್ನು ಎಷ್ಟು ಹೆಚ್ಚು ಆಸನಗಳಿಗೆ ಹಂಚಿದರೆ ಪ್ರತಿಯೊಂದು ಆಸನದ ಪಾಲು ಅಷ್ಟು ಕಡಿಮೆಯಾಗುತ್ತದೆ. ಒಂದು ಆಸನದ ಬೆನ್ನಿನ ಯಾವುದೊಂದು ಬಿಂದುವಿನಿಂದ ಮುಂದಿನ ಆಸನದ ಬೆನ್ನಿನ ಅದೇ ಬಿಂದುವಿನವರೆಗಿನ ಅಂತರವನ್ನು ಪಿಚ್ ಎನ್ನುತ್ತಾರೆ. 1958ರ ಇಕಾನಮಿ ದರ್ಜೆಯಲ್ಲಿ ಅದು 34 ಅಂಗುಲಗಳಷ್ಟಿದ್ದುದು ಇಂದು ದೂರದ ಹಾರಾಟಗಳಲ್ಲಿ ಸಾಮಾನ್ಯವಾಗಿ 31 ಇಲ್ಲವೆ 32 ಅಂಗುಲಗಳು. ಬೆನ್ನಿನ ಮೆತ್ತೆಯನ್ನು ತೆಳ್ಳಗೆ ಮಾಡಿದುದರಿಂದ ಮೊಣಕಾಲಿಗೆ ಸ್ವಲ್ಪ ಸ್ಥಳ ಮರಳಿ ದೊರೆತಿದೆಯೆಂಬುದು ನಿಜ. ಅಗಲದ ಕಥೆಯು ಇದಕ್ಕಿಂತ ಕಠಿನವಾದುದು. ಬೋಯಿಂಗ್ 777 ವಿಮಾನದಲ್ಲಿ ಮೊದಲು ಸಾಲಿಗೆ ಒಂಬತ್ತು ಆಸನಗಳಿದ್ದೆಡೆ ಈಗ ಬಹುಮಟ್ಟಿಗೆ ಹತ್ತು; 787ರಲ್ಲಿ ಎಂಟು ಆಸನಗಳಿಗೆಂದು ಎಣಿಸಿದ್ದ ಅಗಲದಲ್ಲಿ ಬಹುಪಾಲು ಸಂಸ್ಥೆಗಳು ಒಂಬತ್ತನ್ನು ಕೂರಿಸಿವೆ. ವಿಮಾನದ ಗೋಡೆಗಳು ಸರಿದುಕೊಳ್ಳಲಾರವು. ಆದುದರಿಂದ ಆ ಹೆಚ್ಚಿನ ಒಂದು ಆಸನವು ಉಳಿದವರ ಭುಜಗಳಿಂದಲೂ ನಡುವಣ ಓಣಿಯಿಂದಲೂ ಕಡೆದು ತೆಗೆದುದು, ಒಬ್ಬೊಬ್ಬರಿಗೂ ಉಳಿದುದು 17 ಅಂಗುಲಗಳ ಆಸುಪಾಸಿನ ಅಗಲ.

ಪಕ್ಕದ ಆಸನದವರು ಕೊಟ್ಟ ಹಣಕ್ಕೂ ನಾವು ಕೊಟ್ಟ ಹಣಕ್ಕೂ ಹೊಂದಿಕೆಯಿಲ್ಲದಿರುವುದನ್ನು ಕಂಡು ಮೋಸವಾಯಿತೆಂದು ಮರುಗುವವರುಂಟು. ಒಂದೇ ದರ್ಜೆಯ ಆಸನಗಳನ್ನು ಹತ್ತಾರು ದರಗಳ ಗುಂಪುಗಳಾಗಿ ವಿಂಗಡಿಸಿ, ಬೇಡಿಕೆಯನ್ನು ಕಂಡು ಒಂದನ್ನು ತೆರೆಯುತ್ತ ಇನ್ನೊಂದನ್ನು ಮುಚ್ಚುತ್ತ ಹೋಗುವ ಈ ವಿದ್ಯೆಯು ಅಮೆರಿಕದಲ್ಲಿ 1970ರ ದಶಕದ ಕೊನೆಯಿಂದ ಬೆಳೆದುದು. ಮುಂಚಿತವಾಗಿ ದಿನವನ್ನು ಗೊತ್ತುಮಾಡಿಕೊಳ್ಳಬಲ್ಲವರಿಗೆ ಇದರಿಂದ ಅನುಕೂಲ, ಸಾವುನೋವಿನ ಸುದ್ದಿ ಕೇಳಿ ಮರುದಿನವೇ ಹೊರಡಬೇಕಾದವರಿಗೆ ತೀರ ಪ್ರತಿಕೂಲ. ಕೊಲ್ಲಿಯಲ್ಲಿ ದುಡಿಯುವ ಮಗನು ತಂದೆಯ ಮಣ್ಣಿಗೆಂದು ಅವಸರದಲ್ಲಿ ಕೊಂಡ ಟಿಕೇಟಿಗೆ ಎಲ್ಲರಿಗಿಂತ ಹೆಚ್ಚು ತೆರಬೇಕಾಗುವುದು ಈ ಪದ್ಧತಿಯ ನಿಷ್ಕರುಣೆಯ ಭಾಗವೆಂದು ನಾನು ತಿಳಿಯುತ್ತೇನೆ.

ಇನ್ನು ಒಳಗಣ ಗಾಳಿಯ ವಿಚಾರಕ್ಕೆ ಬರೋಣ, ಶರೀರಕ್ಕೆ ಆಗುವ ಆಯಾಸದ ಮುಖ್ಯ ಕಾರಣವು ಅಲ್ಲಿದೆ. ಸುಮಾರು 11 ಕಿಲೋಮೀಟರುಗಳ ಎತ್ತರದಲ್ಲಿ ಹೊರಗಿನ ಉಷ್ಣತೆಯು ಸೊನ್ನೆಗಿಂತ 50 ಡಿಗ್ರಿಗಳಿಗೂ ಕೆಳಗಿರುತ್ತದೆ. ಅಲ್ಲಿಯ ಗಾಳಿಯ ಒತ್ತಡದಲ್ಲಿ ಮನುಷ್ಯನು ಒಂದೆರಡು ನಿಮಿಷ ಕೂಡ ಎಚ್ಚರವಾಗಿರುವುದು ಕಷ್ಟ. ಆದುದರಿಂದ ಒಳಗೆ ಒತ್ತಡವನ್ನು ಹೆಚ್ಚಿಸುತ್ತಾರೆ. ಆದರೆ ನೆಲಮಟ್ಟದಷ್ಟು ಹೆಚ್ಚಿಸಿದರೆ ವಿಮಾನದ ಒಡಲು ಭಾರವಾಗಬೇಕಾದೀತೆಂದು ಸುಮಾರು 8,000 ಅಡಿ, ಎಂದರೆ 2,440 ಮೀಟರು ಎತ್ತರದಲ್ಲಿರಬಹುದಾದ ಒತ್ತಡಕ್ಕೆ ನಿಲ್ಲಿಸುವುದಕ್ಕೆ ನಿಯಮಗಳು ಅವಕಾಶ ಕೊಟ್ಟಿವೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೇ 1,930 ಮೀಟರು. ಭೀಮೆಯ ದಂಡೆಯ ಬಯಲಿನಲ್ಲಿ ಬೆಳೆದ ಅರುವತ್ತೈದು ವರ್ಷದ ಗೃಹಿಣಿಯು ಮುಳ್ಳಯ್ಯನಗಿರಿಗಿಂತಲೂ ಎತ್ತರವಾದ ಒಂದು ಕಾಲ್ಪನಿಕ ಗಿರಿಯ ಮೇಲೆ ಇರುಳೆಲ್ಲ ಕುಳಿತು ಉಸಿರಾಡುತ್ತಾಳೆಂದು ತಿಳಿದುಕೊಂಡರೆ, ಇಳಿದ ಮೇಲೆ ಆಕೆಗೆ ತಲೆ ಭಾರವೆನಿಸುವುದರಲ್ಲಿ ಆಶ್ಚರ್ಯವೇನಿದೆ? 787ರಂತಹ ಹೊಸ ವಿಮಾನಗಳು ಇಂಗಾಲದ ನಾರಿನ ಒಡಲುಳ್ಳವಾದುದರಿಂದ 6,000 ಅಡಿಗಳ ಒತ್ತಡವನ್ನು ತಾಳಬಲ್ಲವು. ಆಯ್ಕೆಯಿದ್ದಲ್ಲಿ ವೃದ್ಧರಿಗೆ ಇಂತಹ ವಿಮಾನವನ್ನು ಹುಡುಕಿ ಟಿಕೇಟು ತೆಗೆಯುವುದು ಮಕ್ಕಳು ಮಾಡಬಹುದಾದ ಉಪಕಾರ.

ಹೊರಗಿನಿಂದ ಎಳೆದುಕೊಂಡ ಆ ಶೀತಲ ವಾಯುವಿನಲ್ಲಿ ತೇವವೇ ಇರುವುದಿಲ್ಲವಾದುದರಿಂದ ಒಳಗಿನ ಆರ್ದ್ರತೆಯು ಶೇಕಡಾ 20ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಮೂಗು ಒಣಗುತ್ತದೆ, ಮೂಗು ಒಣಗಿದೊಡನೆ ವಾಸನೆ ಕುಂದುತ್ತದೆ, ವಾಸನೆ ಕುಂದಿದೊಡನೆ ರುಚಿ ಮಂಕಾಗುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು 2010ರ ಸುಮಾರಿಗೆ ವಿಮಾನದೊಳಗಿನ ಒತ್ತಡವನ್ನು ನೆಲದ ಮೇಲೆಯೇ ನಿರ್ಮಿಸಿ ಪರೀಕ್ಷಿಸಿ, ಉಪ್ಪು ಮತ್ತು ಸಿಹಿಗಳ ಅರಿವು ಗಣನೀಯವಾಗಿ ತಗ್ಗುವುದೆಂದೂ ಹುಳಿ, ಕಹಿ, ಖಾರಗಳ ಅರಿವು ಹೆಚ್ಚು ಕಡಿಮೆ ಹಾಗೆಯೇ ಉಳಿಯುವುದೆಂದೂ ಕಂಡುಕೊಂಡರು. ಚಹವು ಸಪ್ಪೆಯಾಗುವುದಕ್ಕೂ ಒತ್ತಡವೇ ಕಾರಣ, ಏಕೆಂದರೆ ಆ ಎತ್ತರದಲ್ಲಿ ನೀರು 92 ಡಿಗ್ರಿಗಳ ಸುಮಾರಿಗೇ ಕುದಿದುಬಿಡುತ್ತದೆ. ಅಡುಗೆಯವನ ಮೇಲೆ ದೋಷ ಹೊರಿಸುವುದಕ್ಕೆ ಮುಂಚೆ ಇದನ್ನು ನೆನೆಯುವುದು ನ್ಯಾಯ. ಕೈಚೀಲದಲ್ಲಿ ಖಡಕ್ ರೊಟ್ಟಿಯನ್ನೂ ಒಣ ಶೇಂಗಾ ಹಿಂಡಿಯ ಪೊಟ್ಟಣವನ್ನೂ ಇಟ್ಟುಕೊಳ್ಳುವ ನಮ್ಮ ಕಡೆಯ ಹೆಂಗಸರ ಪದ್ಧತಿಯು, ಖಾರದ ರುಚಿ ಮೇಲೆಯೂ ಕೆಡುವುದಿಲ್ಲವಾದುದರಿಂದ, ಆ ಪ್ರಯೋಗಶಾಲೆಯ ನಿರ್ಣಯಕ್ಕೆ ಸಂಪೂರ್ಣವಾಗಿ ಅನುಗುಣವಾಗಿದೆ. ಆಕಳ ತುಪ್ಪವನ್ನೂ ಹಸಿ ಉಪ್ಪಿನಕಾಯಿಯನ್ನೂ ಮಾತ್ರ ಕೈಚೀಲದಲ್ಲಿ ಇಡಬಾರದು. 2006ರಲ್ಲಿ ಲಂಡನ್ನಿನಲ್ಲಿ ದ್ರವಸ್ಫೋಟಕಗಳ ಸಂಚು ಬಯಲಾದಂದಿನಿಂದ 100 ಮಿಲಿಲೀಟರುಗಳ ಮಿತಿಯೇ ಬಹುಪಾಲು ಕಡೆಗಳಲ್ಲಿ ನಡೆದುಬಂದಿದೆ.

ಇಕ್ಕಟ್ಟಿನಲ್ಲಿ ಬಹುಕಾಲ ಕುಳಿತವರ ಕಾಲಿನ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಏರಿ ಪ್ರಾಣಾಪಾಯವಾಗುವುದುಂಟು. ಇದಕ್ಕೆ ಇಕಾನಮಿ ದರ್ಜೆಯ ವ್ಯಾಧಿಯೆಂಬ ಹೆಸರು 1977ರಲ್ಲಿ ವೈದ್ಯಸಾಹಿತ್ಯದಲ್ಲಿ ಕಾಣಿಸಿಕೊಂಡಿತಾದರೂ ರೋಗದ ಗುರುತು ಅದಕ್ಕಿಂತ ಹಿಂದಿನದು. 1940ರಲ್ಲಿ ಲಂಡನ್ ನಗರದ ಮೇಲೆ ಬಾಂಬಿನ ಮಳೆಗರೆಯುತ್ತಿದ್ದಾಗ, ನೆಲದೊಳಗಣ ಆಶ್ರಯಗಳಲ್ಲಿ ಮಡಚುವ ಕುರ್ಚಿಗಳ ಮೇಲೆ ರಾತ್ರಿಯೆಲ್ಲ ಕುಳಿತವರಲ್ಲಿ ಇಂತಹ ಮರಣಗಳು ಹೆಚ್ಚಿದುದನ್ನು ಕೀತ್ ಸಿಂಪ್‌ಸನ್ ಎಂಬ ವೈದ್ಯನು ಲಕ್ಷಿಸಿ ಪ್ರಕಟಿಸಿದನು. ಕುರ್ಚಿಯ ಮುಂದಣ ಅಡ್ಡಪಟ್ಟಿಯು ತೊಡೆಯ ಹಿಂಭಾಗವನ್ನು ಒತ್ತುವುದೇ ಕಾರಣವೆಂದು ತಿಳಿದುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ ನಾಲ್ಕು ಗಂಟೆಗಳಿಗೆ ಮೀರಿದ ಪ್ರಯಾಣದಿಂದ ಈ ಅಪಾಯವು ಸುಮಾರು ಇಮ್ಮಡಿಯಾಗುತ್ತದೆ. ಆದರೂ ಅದು ಅಂದಾಜು 6,000 ಪ್ರಯಾಣಿಕರಲ್ಲಿ ಒಬ್ಬರಿಗೆ ಮಾತ್ರ, ಮತ್ತು ವಿಮಾನಕ್ಕಷ್ಟೇ ಅಲ್ಲ, ರೈಲು, ಬಸ್ಸು, ಕಾರುಗಳಲ್ಲಿ ಅಲುಗಾಡದೆ ಕುಳಿತವರಿಗೂ ಸಮಾನ. ಅಂಜಬೇಕಾದುದಿಲ್ಲ, ಅಲಕ್ಷಿಸಬೇಕಾದುದೂ ಇಲ್ಲ. ನಮ್ಮ ಹಳ್ಳಿಗರಲ್ಲಿ ಇನ್ನೊಬ್ಬರಿಗೆ ತೊಂದರೆಯಾದೀತೆಂಬ ಸಂಕೋಚ ಬಹಳ. ನಡುವಣ ಆಸನದಲ್ಲಿ ಸಿಕ್ಕಿಕೊಂಡ ಅಜ್ಜಿಯು ಅಂಚಿನಲ್ಲಿ ನಿದ್ರಿಸುವ ಅಪರಿಚಿತನನ್ನು ಎಬ್ಬಿಸಲಾರದೆ, ಶೌಚಕ್ಕೆ ಏಳಬೇಕಾದೀತೆಂದು ನೀರನ್ನೇ ಕುಡಿಯದೆ, ಹದಿನಾರು ಗಂಟೆಗಳ ಕಾಲ ಕುಳಿತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಲದಲ್ಲಿ ದಿನವೆಲ್ಲ ನಡೆದಾಡಿದ ಕಾಲುಗಳವು. ಆಕೆಗೆ ಓಣಿಯ ಪಕ್ಕದ ಆಸನವನ್ನು ಮೊದಲೇ ಗೊತ್ತುಮಾಡಿ ಕೊಡಬೇಕು. ಗಂಟೆಗೊಮ್ಮೆ ಎದ್ದು ಓಣಿಯಲ್ಲಿ ನಡೆಯಬೇಕೆಂದೂ ಕುಳಿತಲ್ಲಿಯೇ ಹಿಮ್ಮಡಿ ಮುಂಗಾಲುಗಳನ್ನು ಎತ್ತಿ ಇಳಿಸುತ್ತಿರಬೇಕೆಂದೂ ಹೇಳಬೇಕು. ಹಿಂದೆ ರಕ್ತ ಹೆಪ್ಪುಗಟ್ಟಿದವರು, ಹೊಸದಾಗಿ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು ಹೊರಡುವ ಮೊದಲು ವೈದ್ಯರ ಸಲಹೆಯನ್ನು ಕೇಳಲೇಬೇಕು.

ಹಕ್ಕುಗಳ ಮಾತೊಂದನ್ನು ಇಲ್ಲಿ ಸಂಕ್ಷೇಪವಾಗಿ ಸೇರಿಸುತ್ತೇನೆ. ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟಿನ ಮೇಲೆ ಇಸಿಆರ್ ಎಂಬ ಗುರುತು ಬೀಳುತ್ತದೆ. ಅಂತಹವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗುವಾಗ 1983ರ ವಲಸೆ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿಯನ್ನು ಪಡೆಯಬೇಕು. ಇದು ಕಾಟವೆಂದು ತಪ್ಪಿಸಿಕೊಳ್ಳಲು ಪ್ರವಾಸಿ ವೀಸಾದ ಮೇಲೆ ಕಳುಹಿಸುವ ದಲ್ಲಾಳಿಗಳಿದ್ದಾರೆ. ಅಲ್ಲಿ ಕೂಲಿ ಸಿಗದೆ ನಿಂತಾಗ ಆ ತರುಣನ ಪರವಾಗಿ ನುಡಿಯುವ ಕಾಗದವೊಂದೂ ಇರುವುದಿಲ್ಲ. ಹಾಗೆಯೇ ಸಾಮಾನು ಕಳೆದುಹೋದರೆ ಅಥವಾ ಕೆಟ್ಟುಹೋದರೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪರಿಹಾರವುಂಟು, ಭಾರತವು 2009ರಲ್ಲಿ ಅದಕ್ಕೆ ಸೇರಿದೆ. ಆದರೆ ನಿಲ್ದಾಣವನ್ನು ಬಿಡುವ ಮುಂಚೆಯೇ ಲಿಖಿತವಾಗಿ ದೂರು ಕೊಟ್ಟು ರಸೀದಿಯನ್ನು ಪಡೆಯಬೇಕು. ಟಿಕೇಟಿನೊಡನೆ ಅಂಟಿಸಿಕೊಟ್ಟ ಸಾಮಾನಿನ ಚೀಟಿಯನ್ನು ಎಸೆಯಬಾರದು.

ಇನ್ನು, ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ವಿಷಯ. ನಮ್ಮ ವೃದ್ಧರಲ್ಲಿ ಚೆನ್ನಾಗಿ ನಡೆಯಬಲ್ಲವರೂ ವಿಮಾನನಿಲ್ದಾಣದಲ್ಲಿ ಗಾಲಿಕುರ್ಚಿಯನ್ನು ಕೇಳಿಕೊಳ್ಳುವುದುಂಟು. ಕುರ್ಚಿಯನ್ನು ತಳ್ಳುವಾತನು ವಲಸೆ ತಪಾಸಣೆಯಿಂದ ಹಿಡಿದು ವಿಮಾನದ ಬಾಗಿಲಿನವರೆಗೆ ತಮ್ಮ ಪರವಾಗಿ ಮಾತನಾಡಿಯಾನೆಂಬ ಭರವಸೆಯೇ ಅದಕ್ಕೆ ಕಾರಣ. ಅವರಿಗೆ ಬೇಕಾದುದು ಕಾಲಲ್ಲ, ನಾಲಗೆ. ಒಳಗೆ ಕುಳಿತ ಮೇಲೆ ಆ ನೆರವೂ ಇಲ್ಲ. ಸೊಂಟದ ಪಟ್ಟಿಯ ಕೊಂಡಿಯು ಕಾರಿನದರಂತೆ ಒತ್ತಿದರೆ ಬಿಡುವುದಿಲ್ಲ, ಮೇಲಿನ ತಗಡನ್ನು ಎತ್ತಬೇಕು. ಶೌಚಗೃಹದ ಬಾಗಿಲನ್ನು ಅನೇಕ ವಿಮಾನಗಳಲ್ಲಿ ಎಳೆಯಬಾರದು, ನಟ್ಟನಡುವೆ ಒತ್ತಿದರೆ ಅದು ಮಡಚಿಕೊಳ್ಳುತ್ತದೆ, ಒಳಗೆ ಅಗಳಿ ಸರಿಸಿದ ಮೇಲೆಯೇ ದೀಪವು ಪೂರ್ತಿಯಾಗಿ ಬೆಳಗುತ್ತದೆ. ಅರ್ಧ ಬೆಳಕಿನಲ್ಲಿ ಅಗಳಿಯನ್ನು ತಡಕುತ್ತ ನಿಂತ ಮುದುಕನಿಗೆ ಇದನ್ನು ಒಂದು ವಾಕ್ಯದಲ್ಲಿ ಹೇಳುವವರಿದ್ದರೆ ಅವನ ಮಾನವೂ ಉಳಿಯುತ್ತದೆ.

ಮಾನದೊಡನೆ ಪ್ರಾಣದ ಪ್ರಶ್ನೆಯೂ ಇಲ್ಲಿ ಅಡಗಿದೆ. ದೊಡ್ಡ ವಿಮಾನದಿಂದ ಎಲ್ಲರೂ ಅರ್ಧ ಬಾಗಿಲುಗಳು ಮುಚ್ಚಿದ್ದರೂ 90 ಸೆಕೆಂಡುಗಳೊಳಗೆ ಹೊರಬರಲು ಸಾಧ್ಯವೆಂದು ತಯಾರಕರು ತೋರಿಸಬೇಕೆಂಬುದು ನಿಯಮ. 2006ರ ಮಾರ್ಚಿನಲ್ಲಿ ಹ್ಯಾಂಬರ್ಗಿನಲ್ಲಿ ಏರ್‌ಬಸ್ ಎ380 ವಿಮಾನದಿಂದ 873 ಜನರು 78 ಸೆಕೆಂಡುಗಳಲ್ಲಿ ಹೊರಬಂದು ತೋರಿಸಿದರು. ಆದರೆ ಅವರು ತಮಗೆ ಹೇಳಿದ ಮಾತನ್ನು ಅರಿಯಬಲ್ಲವರಾಗಿದ್ದರು. 1996ರ ನವೆಂಬರ್ 23ರಂದು ಅಪಹರಣಕ್ಕೊಳಗಾದ ಇಥಿಯೋಪಿಯದ ವಿಮಾನವೊಂದು ಕೊಮೊರೊಸ್ ದ್ವೀಪಗಳ ಬಳಿ ಸಮುದ್ರಕ್ಕೆ ಇಳಿದಾಗ, ಹೊರಗೆ ಬರುವ ಮುನ್ನವೇ ರಕ್ಷಾಕವಚವನ್ನು ಉಬ್ಬಿಸಿಕೊಂಡವರಲ್ಲಿ ಹಲವರು ಏರಿದ ನೀರಿನೊಡನೆ ಮೇಲ್ಛಾವಣಿಗೆ ತೇಲಿ, ಬಾಗಿಲಿಗೆ ಮುಳುಗಿ ಬರಲಾರದೆ ಮಡಿದರು. ಆ ದಿನ ಅಸುನೀಗಿದವರು 125 ಮಂದಿ. ಇದಕ್ಕೆ ಪ್ರತಿಯಾಗಿ 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಉರಿಯುತ್ತಿದ್ದ ಜಪಾನಿನ ವಿಮಾನದಿಂದ 379 ಮಂದಿಯೂ, ಸಾಮಾನುಗಳನ್ನು ಬಿಟ್ಟು, ಜೀವಸಹಿತ ಹೊರಬಂದರು. ಕವಚವನ್ನು ಹೊರಗೆ ಬಂದ ಮೇಲೆಯೇ ಉಬ್ಬಿಸಬೇಕು, ಚೀಲವನ್ನು ಬಿಟ್ಟೇ ಓಡಬೇಕು ಎಂಬ ಎರಡು ಮಾತುಗಳು ಪ್ರತಿಯೊಂದು ಹಾರಾಟದ ಆರಂಭದಲ್ಲಿಯೂ ಉಚ್ಚರಿಸಲ್ಪಡುತ್ತವೆ, ಆದರೆ ಬಹುಪಾಲು ಹೊರದೇಶದ ವಿಮಾನಗಳಲ್ಲಿ ಕನ್ನಡದಲ್ಲಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ಕಣಿವೆಗೆ ಉರುಳಿ 158 ಜನರು ತೀರಿಕೊಂಡುದನ್ನು ಕಂಡ ನಾಡು ನಮ್ಮದು. ಸುರಕ್ಷತೆಯ ಮಾತನ್ನು ತಾಯ್ನುಡಿಯಲ್ಲಿ ಕೇಳುವ ಹಕ್ಕನ್ನು ನಾವು ಸೌಜನ್ಯದ ಬೇಡಿಕೆಯೆಂದು ಭಾವಿಸಬಾರದು.

ಇದು ದುಸ್ಸಾಧ್ಯವಾದುದೂ ಅಲ್ಲ. ಕೆಲವು ಸಂಸ್ಥೆಗಳ ವಿಮಾನಗಳಲ್ಲಿ ಮುಂದಿನ ಆಸನದ ಬೆನ್ನಿಗಿರುವ ಪರದೆಯ ಮೇಲೆ ಕನ್ನಡದ ಚಲನಚಿತ್ರಗಳು ದೊರೆಯುತ್ತವೆ. ಕನ್ನಡದ ಚಿತ್ರವನ್ನು ತೋರಿಸಬಲ್ಲ ಪರದೆಯು ಕನ್ನಡದ ಸುರಕ್ಷತಾ ಸೂಚನೆಯನ್ನು ತೋರಿಸಲಾರದೆಂದು ಯಾರೂ ಹೇಳಲಾರರು. ಬೆಂಗಳೂರಿನಿಂದ ಹೊರಡುವ ಪ್ರತಿಯೊಂದು ಅಂತರರಾಷ್ಟ್ರೀಯ ವಿಮಾನದಲ್ಲಿಯೂ, ಕಲ್ಯಾಣ ಕರ್ನಾಟಕದ ಹಜ್ ಯಾತ್ರಿಕರನ್ನು ಕರೆದೊಯ್ಯುವ ಹೈದರಾಬಾದಿನ ವಿಮಾನಗಳಲ್ಲಿಯೂ ಆಸನದ ಜೇಬಿನಲ್ಲಿ ಕನ್ನಡದ ಒಂದು ಕಾರ್ಡು ಇರಬೇಕೆಂದು ರಾಜ್ಯ ಸರ್ಕಾರವೂ ಕನ್ನಡ ಅಭಿವೃದ್ಧಿ ಪ್ರಾಧಿಕಾರವೂ ಕೇಂದ್ರದ ವಿಮಾನಯಾನ ಇಲಾಖೆಯನ್ನು ಒತ್ತಾಯಿಸಲಿ. ಅದು ಬರುವವರೆಗೆ, ಪಾಸ್‌ಪೋರ್ಟಿಗೆ ಅರ್ಜಿ ತುಂಬಿಕೊಡುವ ಯಾದಗಿರಿಯ ಸೇವಾಕೇಂದ್ರಗಳವರೂ, ಊರಿನ ಶಾಲೆಯ ಮಾಸ್ತರರೂ, ರಜೆಗೆ ಬಂದ ಮಕ್ಕಳೂ ಒಂದು ಹಾಳೆಯಲ್ಲಿ ಈ ಸಂಗತಿಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಹೊರಡುವವರ ಪಾಸ್‌ಪೋರ್ಟಿನೊಳಗೆ ಮಡಚಿಟ್ಟು ಕಳುಹಿಸಬಹುದು: ಕೊಂಡಿಯನ್ನು ಎತ್ತುವ ಬಗೆ, ಬಾಗಿಲನ್ನು ಒತ್ತುವ ಜಾಗ, ಗಂಟೆಗೊಮ್ಮೆ ಏಳುವುದು, ನೀರು ಕುಡಿಯುವುದು, ಕವಚವನ್ನು ಹೊರಗೆ ಉಬ್ಬಿಸುವುದು, ಮತ್ತು ಕೊಬ್ಬರಿಯನ್ನು ಮನೆಯಲ್ಲಿಯೇ ಬಿಟ್ಟುಬರುವುದು.